ಕುದರಿ ಮನೆತನದ ಮೊದಲನೆಯವನು

ಗಂಡಸಿಗೆ ಸೋಲು ಬರಬಾರದು ಎಂದು ನಾನು ಹೇಳುವುದಿಲ್ಲ. ಬರಲಿ, ಆದರೆ ಮಾವನ ಮನೆಯ ಪಡಸಾಲೆಯಲ್ಲಿ ಬರಬಾರದು. ಕಚೇರಿಯಲ್ಲಿ ಸೋತವನು ಮನೆಗೆ ಬಂದು ಸಾಹೇಬನನ್ನು ಮನಸಾರೆ ಬೈಯಬಹುದು. ಸಂತೆಯಲ್ಲಿ ಮೋಸ ಹೋದವನು ಬದನೆಕಾಯಿಯನ್ನು ಸಪ್ಪಳವಿಲ್ಲದೆ ಅಡುಗೆಮನೆಗೆ ದಾಟಿಸಬಹುದು. ಮಾವನ ಪಡಸಾಲೆಯಲ್ಲಿ ಸೋತವನು ಎದ್ದು ಎಲ್ಲಿಗೆ ಹೋಗಬೇಕು? ಅವನ ಮನೆಯೂ ಅದೇ. ಇಷ್ಟು ಹೇಳಿದ ಮೇಲೆ ನಿಮಗೆ ನನ್ನ ಪರಿಸ್ಥಿತಿ ತಿಳಿದಿರಬೇಕು. ಹೌದು, ನಾನು ಬೆಟಗೇರಿಯಲ್ಲಿ ಹೆಂಡತಿಯ ತಂದೆಯ ಮನೆಯಲ್ಲಿ ಇರುವವನು. ಆದರೆ 'ಮನೆ ಅಳಿಯ' ಎಂಬ ಮಾತನ್ನು ಮಾತ್ರ ಒಪ್ಪುವುದಿಲ್ಲ. ಲಕ್ಷ್ಮೇಶ್ವರದಲ್ಲಿ ಹುಟ್ಟಿ ಬೆಳೆದ ನನಗೆ ಗದಗಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ನೌಕರಿ ಸಿಕ್ಕಿತು. ಬಾಡಿಗೆ ಮನೆ ಸಿಗುವ ತನಕ ಇಲ್ಲಿರೋಣ ಎಂದು ಮದುವೆಯಾದ ಹೊಸದರಲ್ಲಿ ಒಂದು ಟ್ರಂಕು ಹಿಡಿದು ಬಂದೆ. ಆ ಟ್ರಂಕಿಗೆ ತುಕ್ಕು ಹಿಡಿದು, ತಳ ಹೋಗಿ, ಮೋಡಕಾ ಸಾಮಾನು ಕೊಳ್ಳುವ ಗುಜರಿಯವನ ಪಾಲಾಯಿತು. ಬಾಡಿಗೆ ಮನೆಯನ್ನು ನಾನು ಇನ್ನೂ ಹುಡುಕುತ್ತಲೇ ಇದ್ದೇನೆ. ಇಷ್ಟು ನಿಷ್ಠೆಯಿಂದ ಹುಡುಕುತ್ತಿರುವವನನ್ನು ಮನೆ ಅಳಿಯ ಎನ್ನುವುದು ಯಾವ ನ್ಯಾಯ?

ನನ್ನ ಮಾವನವರ ಅಡ್ಡಹೆಸರು ಉಳ್ಳಾಗಡ್ಡಿ. ಎ.ಪಿ.ಎಂ.ಸಿ.ಯಲ್ಲಿ ಅವರು ಜೀವಮಾನವಿಡೀ ಮಾಡಿದ ದಲಾಲಿಯೂ ಉಳ್ಳಾಗಡ್ಡಿಯದೇ, ಅಂದರೆ ಈರುಳ್ಳಿಯದೇ. ನಮ್ಮ ಕಡೆಯ ಅಡ್ಡಹೆಸರುಗಳ ಸಂಗತಿ ನಿಮಗೆ ಗೊತ್ತಲ್ಲ. ಅಕ್ಕಿ, ಬೆಲ್ಲ, ತುಪ್ಪ, ಮೆಣಸಿನಕಾಯಿ ಎಲ್ಲವೂ ಮನುಷ್ಯರ ಹೆಸರಿನ ಮುಂದೆ ಕುಳಿತಿರುತ್ತವೆ. ಒಂದು ಓಣಿಯ ಹಾಜರಿ ಕರೆದರೆ ಅರ್ಧ ಅಡುಗೆ ಮುಗಿಯುತ್ತದೆ. ಇಂಥವರ ನಡುವೆ ನನ್ನ ಅಡ್ಡಹೆಸರು ಕುದರಿ. ಚಿಕ್ಕಂದಿನಿಂದಲೂ ನನಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ. ನಮ್ಮ ಮೂಲಪುರುಷ ಯಾವುದೋ ದಂಡಿನಲ್ಲಿ ಸವಾರನಾಗಿದ್ದಿರಬೇಕು, ಖಡ್ಗ ಹಿರಿದು ಈ ಸೀಮೆಗೆ ಬಂದಿರಬೇಕು, ಬಂದ ಮೇಲೆ ಯಾವ ದೊರೆಯೋ ಮೆಚ್ಚಿ ನೆಲ ಕೊಟ್ಟಿರಬೇಕು. ಆ ನೆಲ ಈಗ ಎಲ್ಲಿದೆ ಎಂದು ಕೇಳಬೇಡಿ. ಹೀಗೆ ಮಂಡಿಯ ಮೇಲೆ ಪ್ರೂಫ್ ಹಾಳೆ ಇಟ್ಟುಕೊಂಡು ಲಗ್ನಪತ್ರಿಕೆಯ ತಪ್ಪು ತಿದ್ದುವಾಗಲೂ ನನ್ನ ಮಂಡಿಯ ಕೆಳಗೆ ಒಂದು ಬಿಳಿ ಕುದುರೆ ಇದ್ದಂತೆ ಅನಿಸುತ್ತಿತ್ತು.

ತಂಟೆ ಶುರುವಾದದ್ದು ಗದಗ ಹೊಸ ಜಿಲ್ಲೆಯಾದ ಮೇಲೆ. ಊರಿಗೆ ಊರೇ ಬೋರ್ಡು ಬದಲಾಯಿಸಲು ನಿಂತಿತು. 'ಜಿಲ್ಲಾ ಧಾರವಾಡ' ಎಂಬುದರ ಮೇಲೆ ಬಣ್ಣ ಬಳಿದು 'ಜಿಲ್ಲಾ ಗದಗ' ಎಂದು ಬರೆಯುವ ಪೇಂಟರುಗಳು ಕೈಗೇ ಸಿಗದಂತಾದರು. ಜಿಲ್ಲಾ ಸ್ಥಳದಲ್ಲಿರುವ ಮನೆಗೆ ಈ ಮಣ್ಣಿನ ಮುಂಗಟ್ಟು ಶೋಭಿಸುವುದಿಲ್ಲ ಎಂದು ಮಾವನವರು ಮುಂದಿನ ಗೋಡೆ ಕೆಡವಿಸಿ ಸಿಮೆಂಟಿನಲ್ಲಿ ಕಟ್ಟಿಸಿದರು. ಬಾಗಿಲ ಮೇಲಿದ್ದ 'ಉಳ್ಳಾಗಡ್ಡಿ' ಎಂಬ ಕಟ್ಟಿಗೆಯ ಹಲಗೆಯನ್ನು ಗೌಂಡಿ ಗಾರೆ ಕಲಸಲು ತೆಗೆದುಕೊಂಡು, ಕೆಲಸ ಮುಗಿಯುವುದರೊಳಗೆ ಅದರ ಅಕ್ಷರ ಯಾವುದು ಗಾರೆ ಯಾವುದು ಎಂದು ತಿಳಿಯದಂತೆ ಮಾಡಿಟ್ಟ. ಹೊಸ ಗೋಡೆಗೆ ದಿನಾ ಬೆಳಿಗ್ಗೆ ಸಂಜೆ ನೀರು ಹೊಡೆದವನು ನಾನು. ನೀರು ಹೊಡೆಯುತ್ತ ಮೇಲೆ ನೋಡಿದಾಗಲೆಲ್ಲ ಬಾಗಿಲ ನೆತ್ತಿಯ ಮೇಲೆ ಬಿಟ್ಟಿದ್ದ ಖಾಲಿ ಜಾಗ ಕಾಣುತ್ತಿತ್ತು. ಅಲ್ಲಿ ಹೆಸರು ಕೆತ್ತಿದ ಕಲ್ಲು ಕೂಡಬೇಕು. ಖಾಲಿ ಜಾಗ ಬಹಳ ಕೆಟ್ಟದ್ದು. ನೋಡುವವನ ತಲೆಯಲ್ಲಿ ಇಲ್ಲದ ವಿಚಾರ ಹುಟ್ಟಿಸುತ್ತದೆ.

ಒಂದು ದಿನ ಊಟಕ್ಕೆ ಕುಳಿತಾಗ ಧೈರ್ಯ ಮಾಡಿದೆ. "ಕಲ್ಲಿನ ಮ್ಯಾಲೆ ಕುದರಿ ಅಂತ ಹಾಕಸಿದ್ರ ಹೆಂಗರಿ?" ಎಂದೆ. ನನ್ನ ಹೆಂಡತಿ ಕಸ್ತೂರಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವಳು ಮಾವನವರ ಒಬ್ಬಳೇ ಮಗಳು, ಅತ್ತೆಯವರು ತೀರಿಕೊಂಡ ಮೇಲೆ ಮನೆಯ ಒಡತಿ. ಮಾವನವರು ಸಿಟ್ಟಾಗಲಿಲ್ಲ. ದಲಾಲಿ ಮಾಡಿದವರು ಸಿಟ್ಟಾಗುವುದಿಲ್ಲ, ದರ ಕೇಳುತ್ತಾರೆ.

"ಹಾಕಸೋಣಂತ ಅಳಿಯಂದ್ರಽ, ನಂದೇನೈತಿ," ಎಂದರು. "ಆದ್ರ ಉಳ್ಳಾಗಡ್ಡಿ ಅಂದ್ರ ಹಾದಿಯಾಗ ಹೋಗೂ ಕೂಸಿಗೂ ಗೊತ್ತೈತಿ. ನಮ್ಮ ಮುತ್ಯಾ ಗಾಡಿ ಹೇರಿಕೊಂಡು ಬಂದಾ, ಮಾರಿದಾ, ಹೆಸರು ಬಿತ್ತು. ಕುದರಿ ಅಂದ್ರ ಯಾವ ಕುದರಿ? ಯಾರ ಕುದರಿ? ಮೊದಲ ಬಂದಾಂವ ಯಾಂವ, ಎಲ್ಲಿಂದ ಬಂದಾ? ಯಾರರೆ ಬಂದು ಕೇಳಿದ್ರ ನಾ ಏನ ಹೇಳ್ಲಿ? ಖಬರ ತಗೊಂಡು ಬರ್ರಿ. ಹಿರ್ಯಾರ ಹಬ್ಬದೊಳಗ ತಂದ್ರ ಕುದರಿ ಅಂತ ನಾನಽ ನಿಂತು ಕೆತ್ತಸ್ತೀನಿ. ಇಲ್ಲಾಂದ್ರ ಉಳ್ಳಾಗಡ್ಡಿ. ಆತಿಲ್ಲೋ?"

"ಆತ್ರಿ," ಎಂದೆ. ಕಸ್ತೂರಿ ಮಾತ್ರ, "ಋಷಿಮೂಲ ನದಿಮೂಲ ಹುಡುಕಬಾರದಂತರಿ. ಸುಮ್ನ ಉಣ್ರಿ," ಎಂದಳು. ಬೇಲಿ ಮೇಲೆ ಹೋಗುತ್ತಿದ್ದ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಳ್ಳಬೇಡಿ ಎಂದು ಅವಳು ಹೇಳಿದ್ದು. ನಾನು ಆಗಲೇ ಬಿಟ್ಟುಕೊಂಡಾಗಿತ್ತು.

ಹುಡುಕಲು ಕುಳಿತ ಮೇಲೆ ಮೊದಲು ಎಡವಿದ್ದು ಹೆಸರಿಗೇ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ. ನಾನು ಶಿವಪ್ಪ, ನಮ್ಮಪ್ಪ ಬಸಪ್ಪ, ಅಜ್ಜ ಶಿವಪ್ಪ, ಮುತ್ತಜ್ಜ ಬಸಪ್ಪ. ಹಿಂದೆ ಹಿಂದೆ ಹೋದರೂ ಬಸಪ್ಪನ ಹೆಗಲ ಮೇಲೆ ಶಿವಪ್ಪ, ಶಿವಪ್ಪನ ಹೆಗಲ ಮೇಲೆ ಬಸಪ್ಪ. ಕಾಗದದಲ್ಲಿ 'ಶಿವಪ್ಪ ಬಸಪ್ಪ ಕುದರಿ' ಎಂದು ಸಿಕ್ಕರೆ ಅದು ಅಜ್ಜನ ಅಜ್ಜನೋ, ಅಜ್ಜನೋ, ಅಥವಾ ನಾನೇ ಕೊಟ್ಟ ರೇಷನ್ ಕಾರ್ಡಿನ ಅರ್ಜಿಯೋ ಹೇಳಲು ಬರುವುದಿಲ್ಲ. ಒಮ್ಮೆ ಒಂದು ಹಳೆಯ ಸಹಿ ಸಿಕ್ಕಿತೆಂದು ರೋಮಾಂಚನಗೊಂಡು ನೋಡಿದರೆ ಅದು ನನ್ನದೇ ಆಗಿತ್ತು.

ಎರಡನೆಯ ತೊಡಕು ಸರಕಾರಗಳದ್ದು. ಈಗ ಎಲ್ಲವೂ ಒಂದೇ ಗದಗ ಜಿಲ್ಲೆ ಎಂದು ನಾವು ನೀವು ಬೀಗುತ್ತೇವೆ. ನಮ್ಮ ಹಿರಿಯರ ಕಾಲಕ್ಕೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಪಕ್ಕದ ಶಿರಹಟ್ಟಿ ಸಾಂಗಲಿಯದ್ದು, ಗದಗ ಬ್ರಿಟಿಷರದ್ದು. ಮನುಷ್ಯ ಹೆಂಡತಿಯ ತವರಿಗೆ ಹೋಗಿ ಹೋಳಿಗೆ ಉಂಡು ಬರುವುದರೊಳಗೆ ಎರಡು ರಾಜ್ಯ ದಾಟಿರುತ್ತಿದ್ದ. ಪ್ರತಿ ಸರಕಾರವೂ ತನ್ನ ಕಾಗದವನ್ನು ತನ್ನೊಂದಿಗೇ ಎತ್ತಿಕೊಂಡು ಹೋಗಿದೆ. ಹೊಸ ಜಿಲ್ಲೆಯ ಕಚೇರಿಗೆ ಹೋದೆ. ಅಲ್ಲಿ ಕುರ್ಚಿಗಳು ಬಂದಿದ್ದವು, ಕುಳಿತುಕೊಳ್ಳುವವರು ಇನ್ನೂ ಪೂರ್ತಿ ಬಂದಿರಲಿಲ್ಲ. ಬಂದಿದ್ದ ಒಬ್ಬರು, "ಹಳೇ ಕಾಗದ ಎಲ್ಲಾ ಧಾರವಾಡದಾಗ ಅದಾವ್ರಿ," ಎಂದರು. ಧಾರವಾಡಕ್ಕೆ ಹೋದೆ. "ನಿಮ್ಮವು ಗದಗಕ್ಕ ಕಳಿಸೇವಲ್ರಿ, ಇನ್ನೂ ಮುಟ್ಟಿಲ್ಲೇನು?" ಎಂದು ಅವರು ನನ್ನನ್ನೇ ಕೇಳಿದರು. ನಮ್ಮ ಹಿರಿಯರು ಆಗ ಅಣ್ಣಿಗೇರಿ ಆಸುಪಾಸಿನಲ್ಲಿ ಎಲ್ಲೋ ಲಾರಿಯಲ್ಲಿ ಕುಳಿತಿದ್ದರೆಂದು ತೋರುತ್ತದೆ.

ಶಿರಹಟ್ಟಿಯಲ್ಲಿ ಮಾತ್ರ ಒಂದು ಕಾಗದ ಸಿಕ್ಕಿತು. ಹಳೆಯ ಮರಾಠಿ ಕಚೇರಿಗಳ ಮೋಡಿ ಲಿಪಿ. ಕಾಗೆ ಕಾಲಿಗೆ ಮಸಿ ಹಚ್ಚಿಕೊಂಡು ಅವಸರದಲ್ಲಿ ಓಡಿದಂತಿತ್ತು. ಅದನ್ನು ಓದಬಲ್ಲ ಒಬ್ಬ ಹಿರಿಯರನ್ನು ಹುಡುಕಿ, ಚಹಾ ಕುಡಿಸಿ, ಎದುರು ಕುಳಿತೆ. ಅವರು ಕನ್ನಡಕ ಏರಿಸಿ, "ಸದರಿ ಕುದರಿ ಬಸಪ್ಪ ಎಂಬಾತನು ತನ್ನ..." ಎಂದು ಕನ್ನಡ ಮಾಡುತ್ತ ಓದಿ ನಿಂತರು.

"ತನ್ನ ಏನ್ರಿ?"

"ತೂತ ಐತಿ. ಗೆದ್ದಲ ತಿಂದೈತಿ."

"ತೂತಿನ ಆಕಡೆ?"

"...ಯನ್ನು ಬಿಟ್ಟಿದ್ದರಿಂದ ತಂಟೆಯಾಗಿ, ಅಂತೈತಿ."

ಏನನ್ನು ಬಿಟ್ಟ? ಈಟಿಯನ್ನು ಬಿಟ್ಟನೆ? ಶತ್ರುವಿನ ಮೇಲೆ ಕುದುರೆಯನ್ನು ಬಿಟ್ಟನೆ? ಹಿರಿಯರು ಮಾತ್ರ, "ಎಮ್ಮಿ ಇರಬೇಕ್ರಿ. ಮಂದಿ ಹೊಲದಾಗ ಎಮ್ಮಿ ಬಿಟ್ಟ ತಕರಾರಽ ಭಾಳ ಇದರಾಗ," ಎಂದರು. ಎಮ್ಮೆಯನ್ನು ನಾನು ಒಪ್ಪಲಿಲ್ಲ. ಆ ತೂತು ನನಗೆ ಬಹಳ ಉಪಕಾರ ಮಾಡಿತು. ಗದಗಿಗೆ ಬರುವ ಬಸ್ಸಿನಲ್ಲಿ ಕುಳಿತು ಅದರೊಳಗೆ ಒಂದು ಇಡೀ ಯುದ್ಧವನ್ನು ತುಂಬಿಸಿದೆ. ಪ್ರೆಸ್ಸಿನಲ್ಲಿ ಬೇರೆಯವರು ಬಿಟ್ಟ ಅಕ್ಷರ ತುಂಬಿಸಿ ತುಂಬಿಸಿ ನನಗೆ ಅದೊಂದು ಚಟವಾಗಿದೆ.

ಇನ್ನೊಂದು ಭಾನುವಾರ ಕಸ್ತೂರಿಯನ್ನು ಲಕ್ಕುಂಡಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ವೀರಗಲ್ಲಿನ ಮೇಲೆ ಕುದುರೆ ಏರಿದವನೊಬ್ಬನಿದ್ದ. "ನೋಡು, ನಮ್ಮವರ ಹಂಗಽ ಕಾಣಸ್ತಾನ. ಆ ಎದಿ ನೋಡು," ಎಂದೆ. ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. "ಅವಂದು ಮೂಗು ಹೋಗೈತಿ, ನಿಮ್ಮದು ಇನ್ನೂ ಐತಿ. ಉಳಿಸ್ಕೋರಿ," ಎಂದಳು. ಹಿರಿಯರ ವಿಷಯದಲ್ಲಿ ಹೆಂಗಸರಿಗೆ ಗಾಂಭೀರ್ಯ ಕಡಿಮೆ. ಆದರೆ ನನ್ನ ಮೋರೆ ಸಣ್ಣದಾದದ್ದನ್ನು ಕಂಡೋ ಏನೋ, ಅವಳೇ ಒಂದು ದಾರಿ ತೋರಿಸಿದಳು. ಮುಂಡರಗಿಯ ಆಚೆ, ಸಿಂಗಟಾಲೂರಿನ ಕಡೆ ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಕುದರಿ ಮನೆತನದವರು ಇದ್ದಾರೆಂದು ತೀರಿಹೋದ ನಮ್ಮವ್ವ ಅವಳಿಗೆ ಎಂದೋ ಹೇಳಿದ್ದಳಂತೆ. "ನಾನೂ ಬರ್ತೀನಿ. ನಿಮಗ ಬೇಕಾದ್ದಷ್ಟಽ ಕೇಳಿ ಎದ್ದ ಬರ್ತೀರಿ ನೀವು," ಎಂದಳು. ನನಗೆ ಇದು ಸೇರಲಿಲ್ಲ, ಆದರೂ ಬಸ್ಸಿನಲ್ಲಿ ಜೊತೆಗೆ ಕುಳಿತೆವು.

ಮುಂಡರಗಿಯಿಂದ ಟಂಟಂ ರಿಕ್ಷಾ ಹಿಡಿದು, ಏತ ನೀರಾವರಿಯ ಕೆಲಸದ ಲಾರಿಗಳ ಧೂಳು ಕುಡಿದು ಆ ಹಳ್ಳಿ ಮುಟ್ಟಿದೆವು. ಮನೆ ದೊಡ್ಡದು, ಹೊಲವೂ ದೊಡ್ಡದಂತೆ. ಕಟ್ಟೆಯ ಮೇಲೆ ನೀಲವ್ವ ಎಂಬ ಮುದುಕಿ ಕುಳಿತಿದ್ದಳು. ಮನೆಯ ಯಜಮಾನಿ ಅವಳೇ. ಅವಳು ಅಡಿಕೆ ಕುಟ್ಟುವುದನ್ನು ನಿಲ್ಲಿಸದೆ ನನ್ನನ್ನು ತಲೆಯಿಂದ ಕಾಲಿನ ತನಕ ಅಳೆದಳು.

"ಯಾರ ಪೈಕಿಪಾ ನೀ?"

"ಲಕ್ಷ್ಮೇಶ್ವರದ ಕುದರಿ, ಆಯಿ. ಬಸಪ್ಪನ ಮಗ ಶಿವಪ್ಪ."

"ಬಸಪ್ಪಗೋಳು ಶಿವಪ್ಪಗೋಳು ಓಣಿಗೆ ಹತ್ತ ಅದಾರ. ಹಂಗ ಗುರ್ತ ಹತ್ತೂದಿಲ್ಲ. ಹಿರ್ಯಾರ ಹಬ್ಬಕ್ಕ ನಿಮ್ಮ ಮನ್ಯಾಗ ಮೊದಲ ಏನ ಇಡ್ತೀರಿ? ಧೋತ್ರನೋ, ಸೀರಿನೋ?"

ಹಿರಿಯರ ಹಬ್ಬದಲ್ಲಿ ತೀರಿಕೊಂಡವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವುದು ನಮ್ಮಲ್ಲಿ ರೂಢಿ. ಎಲ್ಲರ ಮನೆಯಲ್ಲೂ ಮೊದಲು ಗಂಡಸರ ಧೋತರ, ಆಮೇಲೆ ಹೆಂಗಸರ ಸೀರೆ. ನಮ್ಮ ಮನೆಯಲ್ಲಿ ಮಾತ್ರ ಅವ್ವ ಮೊದಲು ಒಂದು ಸೀರೆ ಇಡುತ್ತಿದ್ದಳು, ಆಮೇಲೆ ಧೋತರ. ಹಬ್ಬವಾದ ಮೇಲೆ ಆ ಸೀರೆ ಉಡುವವಳು ತಾನೇ ಆದ್ದರಿಂದ ಅವ್ವ ಅದನ್ನು ಜೋಪಾನವಾಗಿ ಮುಂದೆ ಇಡುತ್ತಾಳೆ ಎಂದು ನಾನು ತಿಳಿದಿದ್ದೆ. "ಸೀರಿ, ಆಯಿ," ಎಂದೆ.

ಮುದುಕಿಯ ಮುಖ ಅರಳಿತು. "ಹಂಗಾರ ನಮ್ಮಾಂವಽ ನೀ. ಕುಂಡ್ರು, ಕುಂಡ್ರು. ಏ, ಇವರಿಗೆ ನೀರ ಕೊಡ್ರಿ," ಎಂದು ಒಳಗೆ ಕೂಗಿ, ಕಸ್ತೂರಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ನಾನು, "ನಮ್ಮ ಮೂಲಪುರುಷ ಸವಾರ ಇದ್ದನೇನು ಆಯಿ? ಕುದರಿ ಅಂತ ಹೆಸರ ಹೆಂಗ ಬಂತು?" ಎಂದು ಕೇಳಿದೆ.

"ಕುದರಿ ಇದ್ದದ್ದು ಈ ಮನ್ಯಾಗ," ಎಂದಳು ನೀಲವ್ವ. "ಆಗಿನ ಮನಿ ಯಜಮಾನ ಕುದರಿ ಮ್ಯಾಲೆ ಅರಿವಿ ಗಂಟು ಹೇರಿಕೊಂಡು ಸಂತಿ ಸಂತಿಗೆ ಮಾರಾಕ ಹೊಕ್ಕಿದ್ದ. ಗಂಡ ಸಂತಾನ ಇರಲಿಲ್ಲ. ಹೊನ್ನವ್ವ ಅಂತ ಒಬ್ಬಾಕೀನಽ ಮಗಳು. ಹೊಳಿ ದಾಟಿ ಯಾಂವೋ ಒಬ್ಬ ಹುಡುಗ ಬಂದಾ, ಹಸದ ಬಂದಿದ್ದ. ಕುದರಿಗೆ ಹುಲ್ಲ ಹಾಕಾಕ ಇಟಗೊಂಡ್ರು. ಹುಲ್ಲ ಹಾಕ್ಕೋತ ಹಾಕ್ಕೋತ ಹೊನ್ನವ್ವನ ಮನಸ್ಸಿಗೆ ಬಂದಾ. ಮನಿ ಅಳಿಯಾ ಮಾಡಿ ಇಟಗೊಂಡ್ರು. ಅವನ ಅಡ್ಡಹೆಸರ ಏನಿತ್ತೋ, ಯಾರ ಕೇಳ್ಯಾರ? ಮಾವನ ಹೆಸರಽ ಬಿತ್ತು. ಮನಿ ಹೊನ್ನವ್ವಂದಲಾ, ಅದಕ್ಕಽ ಮೊದಲ ಆಕೀ ಸೀರಿ. ಆಕೀ ಸಣ್ಣ ಮಗಾನಽ ಲಕ್ಷ್ಮೇಶ್ವರದ ಕಡೆ ಹೋದಾಂವ, ನಿಮ್ಮಾಂವ."

ನನ್ನ ಬಿಳಿ ಕುದುರೆ ಮುಂಗಾಲು ಮಡಚಿ ನೆಲಕ್ಕೆ ಕುಳಿತಿತು. ಆದರೂ ಕೊನೆಯ ಆಸೆ. "ಒಮ್ಮೊಮ್ಮೆನರೆ ಕುದರಿ ಏರತಿದ್ದನಿಲ್ಲೋ ಆಯಿ?"

"ಏರಿದ್ರ ಮಾವ ಬಿಡ್ತಿದ್ದನೇನೋ ಹುಚ್ಚಾ! ಹಿಂದ ನಡಕೋತ ಹೊಕ್ಕಿದ್ದ."

"ಅವನ ಹೆಸರರೆ ಏನಿತ್ತು?"

ನೀಲವ್ವ ಅಡಿಕೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ನೆನಪು ಮಾಡಿಕೊಂಡಳು. "ಹೆಸರ ಯಾರಿಗೂ ಗೊತ್ತಿಲ್ಲಪಾ. ಎಲ್ಲಾರೂ ಅಳಿಯಾ ಅಂತಿದ್ರಂತ."

ಕಸ್ತೂರಿ ಸೆರಗನ್ನು ಬಾಯಿಗೆ ತುರುಕಿಕೊಂಡು ಎದ್ದು ಹಿತ್ತಲಿಗೆ ಹೋದಳು. ಅಲ್ಲಿಂದ ಬಂದ ಸಪ್ಪಳವನ್ನು ನಾನು ಕೆಮ್ಮು ಎಂದುಕೊಂಡೆ.

ಹಿಂದಿರುಗುವಾಗ ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಮಿರ್ಚಿ ಭಜಿ ಕೊಡಿಸಿ, ನನಗೆ ಎಷ್ಟು ಸಾಧ್ಯವೋ ಅಷ್ಟು ಸಹಜವಾಗಿ, "ಇದನ್ನ ಮಾವಾರಿಗೆ ಹೇಳೂದೇನ ಬ್ಯಾಡ," ಎಂದೆ. "ನಾ ಯಾಕ ಹೇಳ್ಲಿ?" ಎಂದಳು. "ನಿಮ್ಮ ಮಾನ ಅಂದ್ರ ನನ್ನ ಮಾನ ಅಲ್ಲೇನು? ಆದ್ರ ಒಂದ ಮಾತು. ಇನ್ನ ಮ್ಯಾಲೆ ನಿಮ್ಮ ಹಿರ್ಯಾರ ಹಬ್ಬಾನೂ ನಮ್ಮ ಮನ್ಯಾಗಽ ಮಾಡಬೇಕು. ಹೊನ್ನವ್ವಗ ಚಲೋದೊಂದು ಇಲಕಲ್ ಸೀರಿ ಇಡಬೇಕು. ಪಾಪ, ಮನಿ ಆಕೀದು." ಹಿರಿಯರಿಗೆ ಇಟ್ಟ ಸೀರೆಯನ್ನು ಆಮೇಲೆ ಯಾರು ಉಡುತ್ತಾರೆ ಎಂಬುದು ಗೊತ್ತಿದ್ದೂ ನಾನು ಒಪ್ಪಿದೆ. ಒಪ್ಪದೆ ಇರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮನೆಯಲ್ಲಿ ಮಾವನವರು ಬಾಗಿಲಲ್ಲೇ ಕುಳಿತಿದ್ದರು. "ಏನಂತ ಖಬರ?" ಎಂದರು. ಸುಳ್ಳು ಹೇಳಬಾರದು ಎಂಬ ನಿಯಮ ನನ್ನದು. ಆದ್ದರಿಂದ, "ಮುಂಡರಗಿ ಕಡೆ ಹೊಳಿದಂಡಿ ಮ್ಯಾಲಿನ ಮನೆತನರಿ. ಕುದರಿದು ಪೂರಾ ಜವಾಬ್ದಾರಿ ನಮ್ಮ ಹಿರ್ಯಾನ ಕೈಯಾಗಽ ಇತ್ತಂತ. ಅಂವ ಇರಲಿಲ್ಲಂದ್ರ ಕುದರಿ ಒಂದ ಹೆಜ್ಜಿ ಇಡತಿರಲಿಲ್ಲಂತ," ಎಂದೆ. ಹುಲ್ಲು ತಿನ್ನದ ಕುದುರೆ ಹೆಜ್ಜೆ ಹೇಗೆ ಇಡುತ್ತದೆ, ನೀವೇ ಹೇಳಿ. "ಅಂದ್ರ ಲಷ್ಕರದಾಗ ಇದ್ನೇನು?" ಎಂದು ಅವರು ಕಣ್ಣರಳಿಸಿದರು. "ಸದಾ ಕುದರಿ ಬಗಲಾಗಽ ಇರತಿದ್ದನಂತ್ರಿ," ಎಂದೆ. ಒಳಗೆ ಅಡುಗೆಮನೆಯಲ್ಲಿ ಒಂದು ಪಾತ್ರೆ ಕೈಜಾರಿ ಬಿತ್ತು.

ಮಾವನವರು ಆಡಿದ ಮಾತಿಗೆ ತಪ್ಪುವವರಲ್ಲ. ಹಬ್ಬಕ್ಕೆ ಮುಂಚೆಯೇ ಕಲ್ಲು ಬಂತು. 'ಕುದರಿ' ಎಂದು ದಪ್ಪ ಅಕ್ಷರ, ಬಾಗಿಲ ನೆತ್ತಿಯ ಮೇಲೆ ಕೂತಿತು. ಓಣಿಯವರನ್ನು ಕರೆದು ತೋರಿಸಿದವರೂ ಮಾವನವರೇ. "ನಮ್ಮ ಅಳಿಯಂದ್ರ ಹಿರ್ಯಾರು ಲಷ್ಕರದಾಗಿನವರು," ಎಂದು ಅವರು ಹೇಳುವಾಗ ನನಗೆ ನಾಚಿಕೆಯಾಯಿತು. ಖರೆ ಹೇಳುತ್ತೇನೆ, ಬಹಳ ನಾಚಿಕೆಯಾಯಿತು. ಇಷ್ಟು ವರ್ಷ ಈ ಮುದುಕ ನನ್ನನ್ನು ಸೋಲಿಸುತ್ತಾನೆ ಎಂದು ಕಾದುಕೊಂಡಿದ್ದೆ. ಗೆಲ್ಲಿಸಿಬಿಟ್ಟರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

ಹಬ್ಬದ ದಿನ ಪಡಸಾಲೆಯ ಒಂದು ಮೂಲೆಯಲ್ಲಿ ಉಳ್ಳಾಗಡ್ಡಿಯವರ ಹಿರಿಯರು, ಇನ್ನೊಂದು ಮೂಲೆಯಲ್ಲಿ ನನ್ನವರು. ಕಸ್ತೂರಿ ಮಿಂದು ಮಡಿಯುಟ್ಟು ಬಂದು, ನನ್ನ ಮೂಲೆಯಲ್ಲಿ ಮೊದಲು ಹೊಸ ಇಲಕಲ್ ಸೀರೆ ಇಟ್ಟಳು, ಅದರ ಮೇಲೆ ಹಸಿರು ಬಳೆ. ಆಮೇಲೆ ಧೋತರ. ವಿಭೂತಿ ಹಚ್ಚಿಕೊಳ್ಳುತ್ತಿದ್ದ ಮಾವನವರ ಕೈ ಹಣೆಯ ಮೇಲೇ ನಿಂತಿತು.

"ಉಲ್ಟಾ ಇಟ್ಟಿ ನೋಡವ್ವಾ."

"ಇಲ್ಲಪ್ಪಾ. ಅವರ ಮನ್ಯಾಗ ಹಂಗಽ ಪದ್ಧತಿ."

ಕಸ್ತೂರಿ ಕೊಟ್ಟ ಮಾತಿನಂತೆ ಒಂದಕ್ಷರ ಹೆಚ್ಚು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮೊದಲು ಸೀರೆ ಇಡುವ ಮನೆ ಎಂಥದೆಂದು ಅವರ ವಯಸ್ಸಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮಾವನವರು ಸೀರೆಯನ್ನು ನೋಡಿದರು, ಧೋತರವನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಎಡೆಯಲ್ಲಿದ್ದ ಹೋಳಿಗೆಯನ್ನು ಪ್ರೂಫ್ ನೋಡಿದಂತೆ ನೋಡುತ್ತ ಕುಳಿತೆ.

"ಅಳಿಯಂದ್ರಽ, ಕುದರಿ ಅವನ ಮಾವಂದೇನು?"

"ಹೌದ್ರಿ," ಎಂದೆ.

"ಅಂವಾ?"

"ಹುಲ್ಲು ಹಾಕತಿದ್ದನ್ರಿ."

ಮಾವನವರು ನಗಲು ಶುರು ಮಾಡಿದರು. ಹೆಗಲ ಮೇಲಿನ ಶಲ್ಯ ಜಾರಿ ಬಿದ್ದರೂ ನಗು ನಿಲ್ಲಲಿಲ್ಲ. "ಅಂದ್ರ ನೀವು ಇವತ್ತು ನಿನ್ನಿ ಅಳಿಯಂದ್ರಲ್ಲ, ವಂಶಪರಂಪರಾ ಅಳಿಯಂದ್ರು!" ಎಂದರು. "ಮಾವಾರ, ತಪ್ಪಾತು. ಆ ಕಲ್ಲು ತಗಸಿಬಿಡ್ರಿ. ಉಳ್ಳಾಗಡ್ಡಿ ಅಂತಽ ಹಾಕಸ್ರಿ," ಎಂದೆ. ಮನಸಾರೆ ಅಂದೆ.

ಅವರು ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡರು. "ಯಾಕ? ಇರ್ಲಿ ಬಿಡ್ರಿ. ಬಾಗಲ ಮ್ಯಾಲೆ ಮಾವನ ಹೆಸರ ಇರಬೇಕು ಅಂತಿತ್ತು ನನಗ. ಈಗೂ ಮಾವನ ಹೆಸರಽ ಐತೆಲ್ಲ! ಯಾವ ಮಾವ ಆದ್ರೇನು?"

ಕಸ್ತೂರಿ ಎಲೆ ಹಾಕಿದಳು. ಮಾವನವರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಅಂದು ಮರ್ಯಾದೆಗೆ ಅಂಜಿ ಅರೆಹೊಟ್ಟೆಯಲ್ಲಿ ಏಳುತ್ತಿದ್ದರು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡು, ಅದರ ಮೇಲೆ ತುಪ್ಪವನ್ನೂ ಕೇಳಿದೆ. ಹಿರಿಯರಿಂದ ಬಂದ ಹಕ್ಕು ನನಗೆ ಇರುವುದು ಇದೊಂದೇ, ಬಿಡುವುದು ಹೇಗೆ?